ಕುರಿಮಾಂಸದ ಕೊಬ್ಬಿನಾಮ್ಲ ವಿಶ್ಲೇಷಣೆ: ಚಾಕುವಿನಿಂದ ಕ್ರೊಮ್ಯಾಟೊಗ್ರಾಂವರೆಗೆ

ಮಾಂಸದಲ್ಲಿ ಯಾವ ಕೊಬ್ಬಿನಾಮ್ಲ ಎಷ್ಟಿದೆ ಎಂಬ ಲೆಕ್ಕ ಹೊರಬರುವುದು ಗ್ಯಾಸ್ ಕ್ರೊಮ್ಯಾಟೊಗ್ರಾಫಿನಿಂದ, ಲ್ಯಾಬಿನ ಮಾತಿನಲ್ಲಿ ಜಿಸಿಯಿಂದ. ಆದರೆ ತಪ್ಪುಗಳಲ್ಲಿ ಬಹುಪಾಲು ಸ್ಯಾಂಪಲ್ ಜಿಸಿಯ ಹತ್ತಿರ ಬರುವ ಮೊದಲೇ ಆಗಿಹೋಗಿರುತ್ತವೆ. ಮಾಂಸ ಕೊಯ್ಯುವಾಗ, ಅರೆಯುವಾಗ, ಪದರ ಬೇರ್ಪಡಿಸುವಾಗ, ಮುಚ್ಚಳ ಸರಿಯಾಗಿ ಕೂರದ ಟ್ಯೂಬನ್ನು ಬಿಸಿನೀರಿಗೆ ಇಳಿಸುವಾಗ. ಮೀಥೈಲೀಕರಣ, ಅಂದರೆ ಜಿಸಿಯಲ್ಲಿ ಸುಲಭವಾಗಿ ಆವಿಯಾಗಲೆಂದು ಕೊಬ್ಬಿನಾಮ್ಲವನ್ನು ಮೀಥೈಲ್ ಎಸ್ಟರ್ ಮಾಡುವ ಹೆಜ್ಜೆ, ಅರ್ಧಂಬರ್ಧವಾದ ಸ್ಯಾಂಪಲ್ ಹಾಕಿದರೂ ಯಂತ್ರ ಚೆಂದದ ಪೀಕುಗಳನ್ನೇ ಬರೆದುಕೊಡುತ್ತದೆ, ಒಟ್ಟು 100 ಪ್ರತಿಶತಕ್ಕೆ ಸರಿಯಾಗಿ ಕೂಡಿಯೂ ಕೊಡುತ್ತದೆ. ಆದ್ದರಿಂದ ಇಲ್ಲಿ ಬೆಂಚಿನ ಮೇಲಿನ ಕೆಲಸಕ್ಕೆ ಹೆಚ್ಚು ಜಾಗ ಕೊಟ್ಟಿದೆ.

ಉದಾಹರಣೆಗೆ ಕುರಿಮಾಂಸವನ್ನು ಆರಿಸಿಕೊಂಡಿರುವುದಕ್ಕೆ ಕಾರಣವಿದೆ. ಮೆಲುಕು ಹಾಕುವ ಪ್ರಾಣಿಯ ಮೊದಲ ಹೊಟ್ಟೆಯಾದ ರೂಮೆನ್‌ನಲ್ಲಿ ಬ್ಯಾಕ್ಟೀರಿಯಾಗಳು ಮೇವಿನ ಕೊಬ್ಬನ್ನು ಬದಲಿಸಿಬಿಡುತ್ತವೆ. ಹೀಗಾಗಿ ಬೆಸ ಸಂಖ್ಯೆಯ 15:0, 17:0 (ಮೊದಲ ಅಂಕಿ ಇಂಗಾಲದ ಪರಮಾಣುಗಳ ಸಂಖ್ಯೆ, ಎರಡನೆಯದು ಜೋಡಿಬಂಧಗಳ ಸಂಖ್ಯೆ), ಕವಲು ಸರಪಳಿಯ ಆಮ್ಲಗಳು, ಟ್ರಾನ್ಸ್ 18:1ರ ಒಂದು ಗುಂಪು, ಸಿಎಲ್‌ಎ ಎಂದು ಕರೆಯುವ ಕಾಂಜುಗೇಟೆಡ್ ಲಿನೋಲಿಕ್ ಆಮ್ಲ, ಎಲ್ಲವೂ ಅದರ ಮಾಂಸದಲ್ಲಿ ಸೇರಿಕೊಂಡಿರುತ್ತವೆ. ಬನ್ನೂರು ಕುರಿಯಾಗಲಿ ಡೆಕ್ಕನಿಯಾಗಲಿ, ಇದೇ ಪಾಡು. ಕೋಳಿ, ಹಂದಿಯ ಮಾಂಸ ಇದಕ್ಕಿಂತ ಸುಲಭ. ಅವಕ್ಕೂ ಇದೇ ಕ್ರಮ ನಡೆಯುತ್ತದೆ.

ಸ್ಯಾಂಪಲ್

ಯಾವ ಸ್ನಾಯು ಎಂಬುದನ್ನು ಮೊದಲೇ ನಿರ್ಧರಿಸಿ, ಕೊನೆಯವರೆಗೂ ಅದನ್ನೇ ಇಟ್ಟುಕೊಳ್ಳಿ. ಸಾಮಾನ್ಯವಾಗಿ ತೆಗೆದುಕೊಳ್ಳುವುದು 12 ಮತ್ತು 13ನೇ ಪಕ್ಕೆಲುಬಿನ ಹತ್ತಿರದ ಬೆನ್ನಿನ ಉದ್ದ ಸ್ನಾಯು, ಲಾಂಗಿಸಿಮಸ್. ಹೊರಗಿನ ಕೊಬ್ಬು ಮತ್ತು ಬಿಳಿ ಪೊರೆಯನ್ನು ಎಷ್ಟರ ಮಟ್ಟಿಗೆ ತೆಗೆಯುತ್ತೀರಿ ಎಂಬುದನ್ನೂ ಬರೆದಿಡಿ. ಎರಡು ಗ್ರಾಂ ತೆಳು ಮಾಂಸದಲ್ಲಿ ಒಟ್ಟು ಕೊಬ್ಬೇ 60 ಮಿಲಿಗ್ರಾಂ ಆಸುಪಾಸು ಇರುವಾಗ, ಅಂಚಿನಲ್ಲಿ ಉಳಿದ ಹೆಸರುಕಾಳಿನಷ್ಟು ಹೊರಕೊಬ್ಬು ಇಡೀ ಫಲಿತಾಂಶವನ್ನು ತಿರುಗಿಸಿಬಿಡುತ್ತದೆ.

ಕನಿಷ್ಠ 100 ಗ್ರಾಂ ತೆಗೆದುಕೊಂಡು, ಸಣ್ಣ ತುಂಡು ಮಾಡಿ, ಅರೆ ಹೆಪ್ಪುಗಟ್ಟಿದ ಸ್ಥಿತಿಯಲ್ಲೇ 3 ಮಿ.ಮೀ. ತೂತಿನ ತಟ್ಟೆಯಲ್ಲಿ ಮೂರು ಸಲ ಕೊಚ್ಚಿ. ಕೊಚ್ಚುವ ಯಂತ್ರದ ತಲೆಯನ್ನೂ ತಣ್ಣಗೆ ಮಾಡಿಟ್ಟುಕೊಳ್ಳಿ. ಮಾಂಸ ಬಿಸಿಯಾದರೆ ಕೊಬ್ಬು ಕರಗಿ ಬ್ಲೇಡಿಗೆ, ಗೋಡೆಗೆ ಮೆತ್ತಿಕೊಳ್ಳುತ್ತದೆ. ಹಾಗೆ ಮೆತ್ತಿದ್ದನ್ನು ಕೆರೆದು ಮಿಶ್ರಣಕ್ಕೆ ಸೇರಿಸದೆ ಬಿಟ್ಟರೆ ಸ್ಯಾಂಪಲ್ ಇದ್ದದ್ದಕ್ಕಿಂತ ತೆಳುವಾಗುತ್ತದೆ. ಪ್ರತಿ ಸುತ್ತಿನ ನಂತರ ಕೈಯಾಡಿಸಿ ಕಲಸಿ.

ಅಂದೇ ವಿಶ್ಲೇಷಿಸದಿದ್ದರೆ ಗಾಳಿ ತೆಗೆದ ಪೊಟ್ಟಣದಲ್ಲಿ ಮೈನಸ್ 80 ಡಿಗ್ರಿಯಲ್ಲಿ ಇಡಿ. ಮೈನಸ್ 20 ಸಾಕು ಎಂದುಕೊಳ್ಳುವವರು ಬಹಳ. ಆದರೆ ಅಲ್ಲಿ ಕಿಣ್ವಗಳು ಪೂರ್ತಿ ನಿಲ್ಲುವುದಿಲ್ಲ. ಜೀವಕೋಶದ ಪೊರೆಯ ಕೊಬ್ಬಾದ ಫಾಸ್ಫೋಲಿಪಿಡ್ ಒಡೆದು ಮುಕ್ತ ಕೊಬ್ಬಿನಾಮ್ಲ ಹೆಚ್ಚುತ್ತ ಹೋಗುತ್ತದೆ, ಬಹು ಅಪರ್ಯಾಪ್ತ ಆಮ್ಲಗಳು ನಿಧಾನವಾಗಿ ಆಕ್ಸೀಕರಣಗೊಳ್ಳುತ್ತವೆ. ಕೊಚ್ಚಿದ ಮಾಂಸದಲ್ಲಿ ಇದು ಇನ್ನೂ ಬೇಗ, ಏಕೆಂದರೆ ಮಾಂಸದ ಕಬ್ಬಿಣಾಂಶವೂ ಗಾಳಿಯೂ ಎಲ್ಲೆಡೆ ಬೆರೆತಿರುತ್ತವೆ. ಕಾಪಿಡಬೇಕಾದರೆ ಇಡೀ ತುಂಡನ್ನು ಇಡಿ, ಬೇಕಾದ ದಿನ ಕೊಚ್ಚಿಕೊಳ್ಳಿ.

ಗಾಜು, ಪ್ಲಾಸ್ಟಿಕ್, ಬ್ಲ್ಯಾಂಕ್

ಕ್ಲೋರೋಫಾರ್ಮ್ ಮುಟ್ಟುವುದೆಲ್ಲ ಗಾಜಿನದೇ ಆಗಿರಲಿ, ಮುಚ್ಚಳದ ಒಳಪದರ ಟೆಫ್ಲಾನ್ ಇರಲಿ. ಪ್ಲಾಸ್ಟಿಕ್ ಟ್ಯೂಬ್, ಪ್ಯಾರಾಫಿಲ್ಮ್, ರಬ್ಬರ್ ಬಿರಡೆ ಬೇಡ. ಪ್ಲಾಸ್ಟಿಕ್ಕಿನಿಂದ ಇಳಿಯುವ ಥ್ಯಾಲೇಟುಗಳು ಕ್ರೊಮ್ಯಾಟೊಗ್ರಾಂನಲ್ಲಿ ಎಲ್ಲಿಯದೋ ಪೀಕಾಗಿ ಏಳುತ್ತವೆ. ಕೈಬೆರಳಿನ ಜಿಡ್ಡಿನಲ್ಲೂ 16:0, 18:0, 18:1 ಇವೆ.

ಪ್ರತಿ ಬ್ಯಾಚಿನಲ್ಲೂ ಮಾಂಸವಿಲ್ಲದ ಒಂದು ಟ್ಯೂಬನ್ನು ಮೊದಲಿಂದ ಕೊನೆಯವರೆಗೆ ಓಡಿಸಿ. ಇದನ್ನು ಬಿಟ್ಟರೆ ಚಿಕ್ಕ ಪೀಕುಗಳ ಬಗ್ಗೆ ಏನು ಹೇಳಿದರೂ ನಂಬುವ ಹಾಗಿಲ್ಲ. ಆಕ್ಸೀಕರಣ ತಡೆಯಲು ದ್ರಾವಕಕ್ಕೆ ಹಾಕುವ ಬಿಎಚ್‌ಟಿಗೂ ತನ್ನದೇ ಪೀಕ್ ಉಂಟು, ಅದು ಎಲ್ಲಿ ಬರುತ್ತದೆ ಎಂಬುದನ್ನು ಬ್ಲ್ಯಾಂಕ್ ತೋರಿಸಿಕೊಡುತ್ತದೆ.

ಕೊಬ್ಬು ಹೊರತೆಗೆಯುವುದು

ಲೇಬಲ್ಲಿನ ಒಟ್ಟು ಕೊಬ್ಬಿಗೆ ಬಳಸುವ ಸಾಕ್ಸ್‌ಲೆಟ್ ಈ ಕೆಲಸಕ್ಕೆ ಹೊಂದುವುದಿಲ್ಲ. ಪೆಟ್ರೋಲಿಯಂ ಈಥರ್ ಶೇಖರಣೆಯ ಕೊಬ್ಬಾದ ಟ್ರೈಗ್ಲಿಸರೈಡನ್ನು ಎಳೆಯುತ್ತದೆ, ಜೀವಕೋಶದ ಪೊರೆಯಲ್ಲಿ ಪ್ರೋಟೀನಿಗೆ ಅಂಟಿಕೊಂಡ ಫಾಸ್ಫೋಲಿಪಿಡ್ಡನ್ನು ಬಹುಮಟ್ಟಿಗೆ ಬಿಟ್ಟುಬಿಡುತ್ತದೆ. ತೆಳು ಮಾಂಸದಲ್ಲಿ ಅರಾಕಿಡೋನಿಕ್ ಆಮ್ಲ (20:4), ಒಮೆಗಾ-3ರ ಉದ್ದ ಸರಪಳಿಗಳು ಇರುವುದು ಮುಖ್ಯವಾಗಿ ಅಲ್ಲೇ. ಆ ಹಿಡಿತ ಬಿಡಿಸಲು ಮೆಥನಾಲ್ ಬೇಕು.

1959ರಲ್ಲಿ ಕೆನಡಾದಲ್ಲಿ ಕಾಡ್ ಮೀನಿಗಾಗಿ ರೂಪಿಸಿದ ಬ್ಲೈ–ಡೈಯರ್ ವಿಧಾನಕ್ಕೆ ದ್ರಾವಕ ಕಡಿಮೆ ಸಾಕು. ಆದರೆ ಕೊಬ್ಬು ಪ್ರತಿಶತ 2 ದಾಟಿದರೆ ಅದು ಕಡಿಮೆ ತೋರಿಸುತ್ತದೆ, ಕೊಬ್ಬು ಹೆಚ್ಚಿದಷ್ಟೂ ಕೊರತೆ ಹೆಚ್ಚುತ್ತದೆ. ಕುರಿಮಾಂಸಕ್ಕೆ 1957ರ ಫೋಲ್ಚ್ ವಿಧಾನವೇ ವಾಸಿ: ಒಂದು ಪಾಲು ಮಾಂಸಕ್ಕೆ 20 ಪಾಲು ಕ್ಲೋರೋಫಾರ್ಮ್–ಮೆಥನಾಲ್ 2:1 ಮಿಶ್ರಣ.

ಕೊಚ್ಚಿದ ಮಾಂಸ 2 ಗ್ರಾಂ ತೂಗಿ, ಮೂರು ದಶಮಾಂಶದವರೆಗೆ ಬರೆದುಕೊಳ್ಳಿ. ಅದರ ಮೇಲೆ ಇಂಟರ್ನಲ್ ಸ್ಟ್ಯಾಂಡರ್ಡ್, ಅಂದರೆ ಉಳಿದ ಆಮ್ಲಗಳನ್ನು ಹೋಲಿಸಿ ಲೆಕ್ಕಹಾಕಲು ಗೊತ್ತಿರುವ ಪ್ರಮಾಣದ ವಸ್ತು, ಹಾಕಿ: 19:0ರ ಟ್ರೈಗ್ಲಿಸರೈಡ್, ಮಿ.ಲೀ.ಗೆ 5 ಮಿ.ಗ್ರಾಂ ಇರುವ ಕ್ಲೋರೋಫಾರ್ಮ್ ದ್ರಾವಣ, ಸರಿಯಾಗಿ 1 ಮಿ.ಲೀ. ಹಲವರು ಅಭ್ಯಾಸಬಲದಿಂದ 17:0 ಹಾಕುತ್ತಾರೆ. ಕೋಳಿಗೆ ಹೇಗೋ ನಡೆದೀತು, ಕುರಿಯಲ್ಲಿ ಅದು ಸಹಜವಾಗಿಯೇ ಇದೆ. ಹಾಕಿದರೆ ಸ್ಟ್ಯಾಂಡರ್ಡ್ ಪೀಕ್ ಉಬ್ಬಿ, ಉಳಿದೆಲ್ಲ ಆಮ್ಲಗಳೂ ಕಡಿಮೆ ಕಾಣುತ್ತವೆ. 23:0 ಕೂಡ ಆಗಬಹುದು, ಆದರೆ ಜಿಸಿಯ ಹೆಚ್ಚು ಧ್ರುವೀಯ ಕಾಲಂನಲ್ಲಿ ಅದು ಅರಾಕಿಡೋನಿಕ್ ಆಮ್ಲದ ಪಕ್ಕಕ್ಕೇ ಬರುತ್ತದೆ. ಯಾವುದನ್ನೇ ಆರಿಸಿದರೂ ಮೊದಲು ಸ್ಟ್ಯಾಂಡರ್ಡ್ ಹಾಕದ ಮಾಂಸವನ್ನು ಒಮ್ಮೆ ಓಡಿಸಿ, ಆ ಜಾಗ ಖಾಲಿ ಇದೆಯೇ ನೋಡಿಕೊಳ್ಳಿ.

ಈಗ 13 ಮಿ.ಲೀ. ಮೆಥನಾಲ್ ಹಾಕಿ, ಟ್ಯೂಬನ್ನು ಐಸಿನಲ್ಲಿಟ್ಟು ಹೋಮೋಜಿನೈಸರ್‌ನಿಂದ ಒಂದು ನಿಮಿಷ ಅರೆಯಿರಿ. ಮೆಥನಾಲ್ ಮೊದಲು ಬಂದರೆ ಕಿಣ್ವಗಳು ಅಲ್ಲೇ ಸುಮ್ಮನಾಗುತ್ತವೆ, ಮಾಂಸವೂ ಮುದ್ದೆಗಟ್ಟದೆ ಹುಡಿಯಾಗುತ್ತದೆ. ನಂತರ 27 ಮಿ.ಲೀ. ಕ್ಲೋರೋಫಾರ್ಮ್ ಹಾಕಿ ಇನ್ನೆರಡು ನಿಮಿಷ ಅರೆದು, 20 ನಿಮಿಷ ಶೇಕರ್ ಮೇಲಿಡಿ. ಕ್ಲೋರೋಫಾರ್ಮಿನಲ್ಲಿ ಮೊದಲೇ 0.01 ಪ್ರತಿಶತ ಬಿಎಚ್‌ಟಿ ಬೆರೆಸಿಟ್ಟಿರಿ. ವಾಟ್‌ಮನ್ 1 ಕಾಗದದಲ್ಲಿ ಸೋಸಿ, ಉಳಿದ ಚರಟವನ್ನು ಅದೇ ಮಿಶ್ರಣದ 5 ಮಿ.ಲೀ.ನಿಂದ ತೊಳೆದು ಸೇರಿಸಿ.

ಸೋಸಿ ಬಂದದ್ದನ್ನು ಅಳೆದು, ಅದರ ಐದನೇ ಒಂದು ಭಾಗದಷ್ಟು 0.88 ಪ್ರತಿಶತ ಪೊಟ್ಯಾಸಿಯಂ ಕ್ಲೋರೈಡ್ ದ್ರಾವಣ ಹಾಕಿ, ಸುಮಾರು 9 ಮಿ.ಲೀ. ಉಪ್ಪಿಲ್ಲದ ಬರೀ ನೀರು ಹಾಕಿದರೆ ಆಮ್ಲೀಯ ಫಾಸ್ಫೋಲಿಪಿಡ್ಡುಗಳು ಮೇಲಿನ ಪದರಕ್ಕೆ ಜಾರಿ ಕೈತಪ್ಪುತ್ತವೆ. ಇಲ್ಲಿ ಜೋರಾಗಿ ಕುಲುಕಬೇಡಿ. ಟ್ಯೂಬನ್ನು ನಿಧಾನಕ್ಕೆ ಮೇಲೆ ಕೆಳಗೆ ಇಪ್ಪತ್ತು ಸಲ ತಿರುಗಿಸಿದರೆ ಸಾಕು. ಜೋರು ಮಾಡಿದರೆ ಮಜ್ಜಿಗೆಯಂಥ ಎಮಲ್ಶನ್ ನಿಂತು ಗಂಟೆಗಟ್ಟಲೆ ಕಾಯಿಸುತ್ತದೆ. ಹಾಗೆ ಆಗಿಯೇ ಬಿಟ್ಟರೆ ರಾತ್ರಿಯಿಡೀ 4 ಡಿಗ್ರಿಯಲ್ಲಿಡಿ, ಇಲ್ಲವೇ 1000 ಜಿಯಲ್ಲಿ 10 ನಿಮಿಷ ಸೆಂಟ್ರಿಫ್ಯೂಜ್ ಮಾಡಿ.

ಪದರ ಬಿಟ್ಟಾಗ ಮೇಲೆ ಮೆಥನಾಲ್–ನೀರು, ಕೆಳಗೆ ತಿಳಿಯಾದ ಕ್ಲೋರೋಫಾರ್ಮ್, ನಡುವೆ ಹಾಲಿನ ಕೆನೆಯಂತೆ ತೆಳ್ಳಗೆ ಬಿಳಿ ಪ್ರೋಟೀನ್ ಕಾಣುತ್ತದೆ. ಕೊಬ್ಬಿರುವುದು ಕೆಳಪದರದಲ್ಲಿ. ಪಾಶ್ಚರ್ ಪಿಪೆಟ್ಟನ್ನು ಇಳಿಸುವಾಗ ಬಲ್ಬನ್ನು ಮೆಲ್ಲಗೆ ಒತ್ತುತ್ತ, ತುದಿಯಿಂದ ಒಂದೊಂದೇ ಗುಳ್ಳೆ ಬಿಡುತ್ತ ಮೇಲಿನ ಪದರವನ್ನೂ ಕೆನೆಯನ್ನೂ ದಾಟಿಸಿ. ಆಗ ಆ ನೀರು ಪಿಪೆಟ್ಟಿನೊಳಗೆ ಏರುವುದಿಲ್ಲ. ತಳ ಮುಟ್ಟಿದ ಮೇಲಷ್ಟೇ ಎಳೆಯಿರಿ. ಕೊನೆಯ ಹನಿಯವರೆಗೂ ಬೇಕೆಂಬ ಆಸೆಗೆ ಕೆನೆಯನ್ನು ಕಲಕಬೇಡಿ. ಸ್ಟ್ಯಾಂಡರ್ಡ್ ಆರಂಭದಲ್ಲೇ ಸೇರಿರುವುದರಿಂದ ಸ್ವಲ್ಪ ಹಿಂದುಳಿದರೆ ನಷ್ಟವಿಲ್ಲ, ಒಳಬಂದ ನೀರು ಮಾತ್ರ ಮುಂದಿನ ಹೆಜ್ಜೆಯನ್ನು ಕೆಡಿಸುತ್ತದೆ.

ಒಂದು ಎಚ್ಚರಿಕೆ: 19:0 ಸ್ಟ್ಯಾಂಡರ್ಡ್ ಟ್ರೈಗ್ಲಿಸರೈಡ್ ರೂಪದಲ್ಲಿದೆ. ಟ್ರೈಗ್ಲಿಸರೈಡ್ ಎಷ್ಟು ಕಳೆದುಹೋಯಿತೆಂದು ಅದು ಸರಿದೂಗಿಸುತ್ತದೆ, ಫಾಸ್ಫೋಲಿಪಿಡ್ ಮಾಂಸದ ಚರಟದಲ್ಲೇ ಉಳಿದರೆ ಅದಕ್ಕೆ ಗೊತ್ತಾಗುವುದಿಲ್ಲ. ಹೊಸ ಕೈ ಕೂರುವವರೆಗೆ ಚರಟವನ್ನು ಎರಡನೇ ಸಲ ಹೊರತೆಗೆದು, ಅದರಲ್ಲಿ 20:4 ಏನಾದರೂ ಉಳಿದಿದೆಯೇ ನೋಡುವುದು ಒಳ್ಳೆಯದು.

ಕೆಳಪದರವನ್ನು ನೀರಿಲ್ಲದ ಸೋಡಿಯಂ ಸಲ್ಫೇಟ್ ಮೂಲಕ ಹಾಯಿಸಿ, 50 ಮಿ.ಲೀ. ಫ್ಲಾಸ್ಕಿನಲ್ಲಿ ಕ್ಲೋರೋಫಾರ್ಮ್ ಸೇರಿಸಿ ಗೆರೆಗೆ ತನ್ನಿ. ಇದರಲ್ಲಿ 20 ಮಿ.ಲೀ. ತೂಗಿಟ್ಟ ಬಾಟಲಿಗೆ ಹಾಕಿ ಆರಿಸಿ ಒಟ್ಟು ಕೊಬ್ಬಿನ ತೂಕ ನೋಡಿ, ಅದರಲ್ಲಿ ಸ್ಟ್ಯಾಂಡರ್ಡ್‌ನ ಪಾಲಾದ 2 ಮಿ.ಗ್ರಾಂ ಕಳೆಯಿರಿ. ಇನ್ನೆರಡು 10 ಮಿ.ಲೀ. ಮೀಥೈಲೀಕರಣಕ್ಕೆ. ಉಳಿದದ್ದು ಮೈನಸ್ 20ರಲ್ಲಿ ಆಪತ್ಕಾಲಕ್ಕೆ. ತೂಕಕ್ಕೆಂದು ಪೂರ್ತಿ ಒಣಗಿಸಿದ ಕೊಬ್ಬನ್ನೇ ಮತ್ತೆ ಕರಗಿಸಿ ಜಿಸಿಗೆ ಬಳಸುವುದು ಬೇಡ, ಒಣಗುವ ಹೊತ್ತಿನಲ್ಲೇ ಬಹು ಅಪರ್ಯಾಪ್ತ ಆಮ್ಲಗಳು ಗಾಳಿಗೆ ಸಿಕ್ಕಿರುತ್ತವೆ. ಮೀಥೈಲೀಕರಣದ ಪಾಲನ್ನು 40 ಡಿಗ್ರಿ ಮೀರದಂತೆ ನೈಟ್ರೋಜನ್ ಹರಿವಿನಲ್ಲಿ ಆರಿಸಿ, ಕ್ಲೋರೋಫಾರ್ಮ್ ಹೋದ ಕೂಡಲೇ ಟಾಲುಯೀನ್ ಹಾಕಿಬಿಡಿ. ಕ್ಲೋರೋಫಾರ್ಮಿಗೆ ಕೆಡದಿರಲೆಂದು ಎಥನಾಲ್ ಬೆರೆಸಿರುತ್ತಾರೆ. ಅದು ಉಳಿದರೆ ಮೀಥೈಲ್ ಎಸ್ಟರಿನ ಜೊತೆ ಈಥೈಲ್ ಎಸ್ಟರಿನ ಚಿಕ್ಕ ಪೀಕುಗಳೂ ಹುಟ್ಟುತ್ತವೆ.

ಕ್ಲೋರೋಫಾರ್ಮ್ ಕೆಲಸವೆಲ್ಲ ಫ್ಯೂಮ್ ಹುಡ್ ಒಳಗೇ ನಡೆಯಬೇಕು. ನೈಟ್ರೈಲ್ ಕೈಗವಸನ್ನು ಅದು ಕೆಲವೇ ನಿಮಿಷದಲ್ಲಿ ದಾಟುತ್ತದೆ, ಚೆಲ್ಲಿದ ತಕ್ಷಣ ಗವಸು ಬದಲಿಸಿ. ತ್ಯಾಜ್ಯವನ್ನು ಹ್ಯಾಲೋಜನ್ ದ್ರಾವಕದ ಡಬ್ಬಕ್ಕೇ ಹಾಕಿ, ಸಿಂಕಿಗೆ ಬೇಡ. ಅದರ ಬದಲು ಡೈಕ್ಲೋರೋಮೀಥೇನ್ ಬಳಸಿದರೂ ಮಾಂಸದಲ್ಲಿ ಫಲಿತಾಂಶ ಹೆಚ್ಚುಕಮ್ಮಿ ಅದೇ ಬರುತ್ತದೆ.

ಮೀಥೈಲೀಕರಣ: ಹೆಚ್ಚಿನ ಕೆಲಸ ಕೆಡುವ ಜಾಗ

ಕ್ಷಾರ ಒಂದೇ ಸಾಕೆ, ಆಮ್ಲ ಒಂದೇ ಸಾಕೆ ಎಂಬ ಪ್ರಶ್ನೆ ಇಲ್ಲಿ ಏಳುತ್ತದೆ. ಸೋಡಿಯಂ ಮೆಥಾಕ್ಸೈಡ್ ಚುರುಕಿನದು, ಸಿಎಲ್‌ಎಯನ್ನು ಮುಟ್ಟಿ ಕೆಡಿಸುವುದಿಲ್ಲ. ಆದರೆ ಮುಕ್ತ ಕೊಬ್ಬಿನಾಮ್ಲವನ್ನೂ ಸ್ಫಿಂಗೋಮಯಲಿನ್‌ನಲ್ಲಿ ಅಮೈಡ್ ಬಂಧದಲ್ಲಿರುವ ಆಮ್ಲವನ್ನೂ ಅದು ಎಸ್ಟರ್ ಮಾಡುವುದಿಲ್ಲ. ಆಮ್ಲ ಎಲ್ಲವನ್ನೂ ಹಿಡಿಯುತ್ತದೆ, ಹೆಚ್ಚು ಹೊತ್ತು ಬಿಸಿ ಕೊಟ್ಟರೆ ಸಿಎಲ್‌ಎಯ ಸಿಸ್-9, ಟ್ರಾನ್ಸ್-11 ರೂಪವನ್ನು ಟ್ರಾನ್ಸ್-ಟ್ರಾನ್ಸ್ ಕಡೆಗೆ ತಿರುಗಿಸುತ್ತದೆ. ನಮ್ಮ ಸಲಹೆ: ಎರಡು 10 ಮಿ.ಲೀ. ಪಾಲಿನಲ್ಲಿ ಒಂದಕ್ಕೆ ಕ್ಷಾರ ಮಾತ್ರ, ಇನ್ನೊಂದಕ್ಕೆ ಕ್ಷಾರದ ಮೇಲೆ ಆಮ್ಲ. ಒಟ್ಟು ಲೆಕ್ಕ ಎರಡನೆಯದರಿಂದ, ಸಿಎಲ್‌ಎ ರೂಪಗಳ ಹಂಚಿಕೆ ಮೊದಲನೆಯದರಿಂದ.

ಪ್ರತಿ ಟ್ಯೂಬಿನಲ್ಲಿ ಸುಮಾರು 12 ಮಿ.ಗ್ರಾಂ ಕೊಬ್ಬಿದೆ. ಟಾಲುಯೀನ್ 1 ಮಿ.ಲೀ. ಹಾಕಿ ಪೂರ್ತಿ ಕರಗಿಸಿ. ಇದನ್ನು ತಪ್ಪಿಸುವವರು ಬಹಳ, ಟ್ರೈಗ್ಲಿಸರೈಡ್ ಮೆಥನಾಲಿನಲ್ಲಿ ಕರಗದೆ ತಳದಲ್ಲಿ ಎಣ್ಣೆಹನಿಯಾಗಿ ಕೂತು ಪ್ರತಿಕ್ರಿಯೆಯಿಂದ ತಪ್ಪಿಸಿಕೊಳ್ಳುತ್ತದೆ. ಮೆಥನಾಲಿನಲ್ಲಿರುವ 0.5 ಮೋಲಾರ್ ಸೋಡಿಯಂ ಮೆಥಾಕ್ಸೈಡ್ 2 ಮಿ.ಲೀ. ಹಾಕಿ, ವೋರ್ಟೆಕ್ಸ್ ಮಾಡಿ, 50 ಡಿಗ್ರಿಯಲ್ಲಿ 10 ನಿಮಿಷ ಇಡಿ. ಮೆಥಾಕ್ಸೈಡ್ ಬಾಟಲಿಯ ತಳದಲ್ಲಿ ಬಿಳಿ ಗಸಿ ಕಂಡರೆ ಅದನ್ನು ಬಿಡಿ, ಹೊಸದನ್ನು ತೆರೆಯಿರಿ. ಗಾಳಿಯ ತೇವ ಒಳಹೋದಾಗ ಎಸ್ಟರಿನ ಬದಲು ಸಾಬೂನು ಆಗುತ್ತದೆ, ಅದು ಹೆಕ್ಸೇನಿಗೆ ಬರುವುದೇ ಇಲ್ಲ. ಕರಾವಳಿಯ ಮಳೆಗಾಲದಲ್ಲಿ ದೊಡ್ಡ ಬಾಟಲಿಯನ್ನು ದಿನಾ ತೆರೆಯುವ ಬದಲು ಸಣ್ಣ ಬಾಟಲಿಗಳಿಗೆ ಹಂಚಿಡುವುದು ಲೇಸು.

ಎರಡನೇ ಟ್ಯೂಬಿಗೆ ಆರಿದ ಮೇಲೆ ಮೆಥನಾಲಿನ 5 ಪ್ರತಿಶತ ಹೈಡ್ರೋಜನ್ ಕ್ಲೋರೈಡ್ 3 ಮಿ.ಲೀ. ಸೇರಿಸಿ, 80 ಡಿಗ್ರಿಯಲ್ಲಿ 10 ನಿಮಿಷ. ಇದನ್ನು ಆಗಾಗ ಹೊಸದಾಗಿ ಮಾಡಿಕೊಳ್ಳಿ: ಐಸಿನಲ್ಲಿಟ್ಟ 50 ಮಿ.ಲೀ. ಒಣ ಮೆಥನಾಲಿಗೆ 5 ಮಿ.ಲೀ. ಅಸಿಟೈಲ್ ಕ್ಲೋರೈಡನ್ನು ಹನಿಹನಿಯಾಗಿ, ಹುಡ್ ಒಳಗೆ, ಮುಖಕ್ಕೆ ಕವಚ ಹಾಕಿಕೊಂಡು. ಕ್ರಮ ತಿರುಗಿಸಬೇಡಿ, ರಭಸದಿಂದ ಚಿಮ್ಮುತ್ತದೆ. ಬೋರಾನ್ ಟ್ರೈಫ್ಲೋರೈಡ್ 14 ಪ್ರತಿಶತವೂ ಆಗುತ್ತದೆ, ಹಳೆಯದಾದರೆ ಇಲ್ಲದ ಪೀಕುಗಳನ್ನು ಹುಟ್ಟಿಸಿ ಇರುವ ಬಹು ಅಪರ್ಯಾಪ್ತ ಆಮ್ಲಗಳನ್ನು ತಿನ್ನುತ್ತದೆ.

ಮೆಥನಾಲ್ ಕುದಿಯುವುದು 65 ಡಿಗ್ರಿಗೆ. 80ರ ನೀರಿಗೆ ಇಳಿಸುವ ಮುನ್ನ ಟ್ಯೂಬಿನ ಮೇಲೆ ದ್ರಾವಣದ ಮಟ್ಟಕ್ಕೆ ಮಾರ್ಕರ್‌ನಿಂದ ಒಂದು ಗೆರೆ ಎಳೆಯಿರಿ. ತೆಗೆದು ಆರಿಸಿದ ಮೇಲೆ ಮಟ್ಟ ಗೆರೆಗಿಂತ ಕೆಳಗಿದ್ದರೆ ಮುಚ್ಚಳ ಸೋರಿದೆ, ಆ ಟ್ಯೂಬನ್ನು ಕೈಬಿಡಿ. ಟೆಫ್ಲಾನ್ ಪದರದಲ್ಲಿ ಗಾಜಿನ ಅಂಚಿನ ಆಳ ಗುರುತು ಬಿದ್ದಿದ್ದರೆ ಅಂಥ ಮುಚ್ಚಳ ಮತ್ತೆ ಸೋರುವುದು ಖಂಡಿತ.

ಆರಿದ ಮೇಲೆ ಹೆಕ್ಸೇನ್ 2 ಮಿ.ಲೀ., ಆಮ್ಲದ ಟ್ಯೂಬಿಗೆ 6 ಪ್ರತಿಶತ ಪೊಟ್ಯಾಸಿಯಂ ಕಾರ್ಬೊನೇಟ್ 5 ಮಿ.ಲೀ. ನಿಧಾನವಾಗಿ ಹಾಕಿ. ಗ್ಯಾಸ್ ಬುಸ್ಸೆಂದು ಏಳುತ್ತದೆ, ಮುಚ್ಚಳ ಸಡಿಲ ಬಿಟ್ಟಿರಿ. ಕ್ಷಾರದ ಟ್ಯೂಬಿಗೆ ಉಪ್ಪುನೀರು ಸಾಕು. ವೋರ್ಟೆಕ್ಸ್, ಸೆಂಟ್ರಿಫ್ಯೂಜ್, ಮೇಲಿನ ಪದರ ತೆಗೆದು ಸೋಡಿಯಂ ಸಲ್ಫೇಟ್ ಮೇಲೆ ಒಣಗಿಸಿ ವಯಲ್ಲಿಗೆ.

ಪ್ರತಿಕ್ರಿಯೆ ಪೂರ್ತಿಯಾಯಿತೇ ಎಂದು ನೋಡಲು ಸಿಲಿಕಾ ತಟ್ಟೆಯ ತೆಳುಪದರ ಕ್ರೊಮ್ಯಾಟೊಗ್ರಫಿ, ಅಂದರೆ ಟಿಎಲ್‌ಸಿಯಷ್ಟು ಅಗ್ಗದ ಸಾಧನ ಇನ್ನೊಂದಿಲ್ಲ. ಹೆಕ್ಸೇನ್, ಡೈಈಥೈಲ್ ಈಥರ್, ಅಸಿಟಿಕ್ ಆಮ್ಲ 80:20:1ರಲ್ಲಿ ಓಡಿಸಿ ಅಯೋಡಿನ್ ಹೊಗೆಗೆ ಹಿಡಿಯಿರಿ. ಮೇಲೆ ಮೀಥೈಲ್ ಎಸ್ಟರ್, ಅದರ ಕೆಳಗೆ ಟ್ರೈಗ್ಲಿಸರೈಡ್, ಇನ್ನೂ ಕೆಳಗೆ ಮುಕ್ತ ಆಮ್ಲ. ಟ್ರೈಗ್ಲಿಸರೈಡ್ ಜಾಗದಲ್ಲಿ ಹಳದಿ ಚುಕ್ಕೆ ಬಿದ್ದರೆ ಜಿಸಿಗೆ ಹೋಗುವುದು ವ್ಯರ್ಥ.

ನೂರಾರು ಸ್ಯಾಂಪಲ್ ಇದ್ದು ಒಟ್ಟು ಕೊಬ್ಬಿನ ತೂಕ ಬೇಡವಾದರೆ ಕ್ಲೋರೋಫಾರ್ಮನ್ನೇ ಬಿಟ್ಟು ನೇರ ಮೀಥೈಲೀಕರಣಕ್ಕೆ ಹೋಗಬಹುದು. 2007ರಲ್ಲಿ ಪ್ರಕಟವಾದ ಕ್ರಮದಲ್ಲಿ 1 ಗ್ರಾಂ ಮಾಂಸಕ್ಕೆ 10 ನಾರ್ಮಲ್ ಪೊಟ್ಯಾಸಿಯಂ ಹೈಡ್ರಾಕ್ಸೈಡ್ 0.7 ಮಿ.ಲೀ., ಮೆಥನಾಲ್ 5.3 ಮಿ.ಲೀ. ಹಾಕಿ 55 ಡಿಗ್ರಿಯಲ್ಲಿ ಒಂದೂವರೆ ಗಂಟೆ. ಆಮೇಲೆ 24 ನಾರ್ಮಲ್ ಸಲ್ಫ್ಯೂರಿಕ್ ಆಮ್ಲ 0.58 ಮಿ.ಲೀ. ಸೇರಿಸಿ ಮತ್ತೆ ಒಂದೂವರೆ ಗಂಟೆ, ಕೊನೆಗೆ 3 ಮಿ.ಲೀ. ಹೆಕ್ಸೇನ್. ಮಧ್ಯೆ ಮಧ್ಯೆ ಕುಲುಕುವುದನ್ನು ಮರೆತರೆ ಮಾಂಸ ಗಂಟುಕಟ್ಟಿ ಒಳಗಿನದು ಒಳಗೇ ಉಳಿಯುತ್ತದೆ.

ಜಿಸಿ

ಕಾಲಂ 100 ಮೀಟರ್ ಉದ್ದ, 0.25 ಮಿ.ಮೀ. ಒಳವ್ಯಾಸ, 0.20 ಮೈಕ್ರಾನ್ ಪೊರೆಯ ಸಯನೋಪ್ರೊಪೈಲ್ ಜಾತಿಯದು: ಎಸ್‌ಪಿ-2560 ಅಥವಾ ಸಿಪಿ-ಸಿಲ್ 88. ಹೀಲಿಯಂ ನಿಮಿಷಕ್ಕೆ 1 ಮಿ.ಲೀ., ಇಂಜೆಕ್ಟರ್ 250, ಪತ್ತೆಕಾರಿ ಎಫ್‌ಐಡಿ 260 ಡಿಗ್ರಿ, 1 ಮೈಕ್ರೋಲೀಟರ್, ಸ್ಪ್ಲಿಟ್ 1:50. ಓವನ್ 140 ಡಿಗ್ರಿಯಲ್ಲಿ 5 ನಿಮಿಷ, ನಿಮಿಷಕ್ಕೆ 4ರಂತೆ 240ಕ್ಕೆ ಏರಿ ಅಲ್ಲಿ 15–20 ನಿಮಿಷ. ಈ ಕಾಲಂ 250 ದಾಟಬಾರದು. ಟ್ರಾನ್ಸ್ 18:1ಗಳನ್ನು ಬಿಡಿಸಿ ನೋಡಬೇಕಾದರೆ ಈ ಏರಿಕೆ ತೀರ ವೇಗದ್ದು, 175ರ ಆಸುಪಾಸಿನಲ್ಲಿ ಸ್ಥಿರ ತಾಪದ ಇನ್ನೊಂದು ಓಟ ಬೇಕು. 30 ಮೀಟರಿನ ವ್ಯಾಕ್ಸ್ ಕಾಲಂ ಒಮೆಗಾ-3ಕ್ಕೆ ಸಾಕು, ಟ್ರಾನ್ಸ್‌ಗೆ ಸಾಲದು.

18:1ರ ಪೀಕ್ ಎಡಕ್ಕೆ ಇಳಿಜಾರಾಗಿ ಬಲಕ್ಕೆ ಕಡಿದಂತೆ ಬಿದ್ದರೆ ಕಾಲಂಗೆ ಹೊರೆ ಹೆಚ್ಚಾಗಿದೆ. ಆ ಉಬ್ಬಿನಡಿ ಪಕ್ಕದ ಟ್ರಾನ್ಸ್‌ಗಳು ಮುಳುಗುತ್ತವೆ. ಹಾಗಿದ್ದಾಗ ಒಂದೇ ವಯಲ್ಲನ್ನು ಎರಡು ಸಲ ಓಡಿಸಿ: ಚಿಕ್ಕ ಪೀಕುಗಳಿಗೆ ಇದ್ದಂತೆ, ದೊಡ್ಡವಕ್ಕೆ 20 ಪಟ್ಟು ತೆಳು ಮಾಡಿ.

ಗುರುತಿಸುವಿಕೆಗೆ ಎಲ್ಲರೂ ಕೊಳ್ಳುವುದು 37 ಘಟಕಗಳ ಮೀಥೈಲ್ ಎಸ್ಟರ್ ಮಿಶ್ರಣ. ಮಾಂಸದ ಕೆಲಸಕ್ಕೆ ಅದು ಅರ್ಧ ಮಾತ್ರ. ಅದರಲ್ಲಿ ಸಿಎಲ್‌ಎ ಇಲ್ಲ, ಕವಲು ಸರಪಳಿಗಳಿಲ್ಲ, ಸಿಸ್-11 18:1 ಇಲ್ಲ, ಎಲ್ಲಕ್ಕಿಂತ ಮುಖ್ಯವಾಗಿ 22:5 ಒಮೆಗಾ-3 ಇಲ್ಲ. ಕುರಿಮಾಂಸದಲ್ಲಿ ಈ 22:5 ಹಲವು ಸಲ 22:6ಕ್ಕಿಂತಲೂ ಹೆಚ್ಚಿರುತ್ತದೆ. ಸ್ಟ್ಯಾಂಡರ್ಡ್‌ನಲ್ಲಿ ಹೆಸರಿಲ್ಲದ್ದರಿಂದ ವರದಿಯಲ್ಲೂ ಹೆಸರಿಲ್ಲದೆ ಹೋಗುತ್ತದೆ. 22:6ಕ್ಕೆ ತುಸು ಮುಂಚೆ ಬರುವ ಅದನ್ನು ಗುರುತಿಸಲು ಮೆನ್‌ಹೇಡನ್ ಮೀನೆಣ್ಣೆಯ ಮಿಶ್ರಣ ತರಿಸಿಕೊಳ್ಳಿ. 18:3 ಒಮೆಗಾ-3 ಮತ್ತು 20:1 ಅಕ್ಕಪಕ್ಕ ಬರುತ್ತವೆ, ತಾಪ ಬದಲಾದರೆ, ಕಾಲಂ ಹಳತಾದರೆ ಅಂತರ ಸರಿಯುತ್ತದೆ. ಹಸಿರು ಮೇಯ್ದ ಕುರಿಗೂ ದಾಣಿಯ ಕುರಿಗೂ ಇರುವ ವ್ಯತ್ಯಾಸ ಹೇಳುವುದು ಈ 18:3. ಅದನ್ನು ತಿಂಗಳಿಗೊಮ್ಮೆ ಒಂಟಿ ಸ್ಟ್ಯಾಂಡರ್ಡ್ ಹಾಕಿ ಖಚಿತ ಮಾಡಿಕೊಳ್ಳಿ.

16:0ಕ್ಕೆ ಮೊದಲು ಕಾಣುವ ಕೆಲವು ಅಪರಿಚಿತ ಪೀಕುಗಳು ಕೊಬ್ಬಿನಾಮ್ಲಗಳೇ ಅಲ್ಲ. ಸ್ನಾಯುವಿನಲ್ಲಿರುವ ಒಂದು ಬಗೆಯ ಫಾಸ್ಫೋಲಿಪಿಡ್ಡಾದ ಪ್ಲಾಸ್ಮಲೋಜನ್‌ಗಳಿಂದ ಆಮ್ಲದ ಹೆಜ್ಜೆಯಲ್ಲಿ ಡೈಮೀಥೈಲ್ ಅಸಿಟಾಲ್‌ಗಳು ಹುಟ್ಟುತ್ತವೆ. ಇವನ್ನು ಕವಲು ಸರಪಳಿ ಎಂದು ಬರೆದುಬಿಡುವುದು ಸಾಮಾನ್ಯ ತಪ್ಪು. ಕ್ಷಾರ ಮಾತ್ರ ಹಾಕಿದ ಟ್ಯೂಬಿನ ಕ್ರೊಮ್ಯಾಟೊಗ್ರಾಂ ಪಕ್ಕಕ್ಕಿಡಿ. ಒಂದರಲ್ಲಿ ಇದ್ದು ಇನ್ನೊಂದರಲ್ಲಿ ಇಲ್ಲದ ಪೀಕುಗಳನ್ನು ಮೊದಲು ಅನುಮಾನಿಸಿ.

ಲೆಕ್ಕ

19:0 ಟ್ರೈಗ್ಲಿಸರೈಡ್ 5 ಮಿ.ಗ್ರಾಂ ಮೀಥೈಲೀಕರಣವಾದರೆ 5.02 ಮಿ.ಗ್ರಾಂ ಮೀಥೈಲ್ ಎಸ್ಟರ್ ಕೊಡುತ್ತದೆ. 19:0ರ ಪೀಕ್ ವಿಸ್ತೀರ್ಣ 1,20,000, 18:2ರದು 62,000 ಬಂದಿದೆ, ಸ್ಟ್ಯಾಂಡರ್ಡ್‌ನಿಂದ ಕಂಡುಕೊಂಡ ಪ್ರತಿಕ್ರಿಯಾ ಗುಣಕ (ಒಂದೇ ತೂಕಕ್ಕೆ ಎರಡೂ ಕೊಡುವ ಪೀಕ್ ವಿಸ್ತೀರ್ಣಗಳ ಅನುಪಾತ) 1 ಎಂದಿಟ್ಟುಕೊಳ್ಳಿ. 62,000ವನ್ನು 1,20,000ದಿಂದ ಭಾಗಿಸಿ 5.02ರಿಂದ ಗುಣಿಸಿದರೆ 2.59 ಮಿ.ಗ್ರಾಂ ಎಸ್ಟರ್. ಆಮ್ಲಕ್ಕೆ ತಿರುಗಿಸಲು 0.952ರಿಂದ ಗುಣಿಸಿ: 2.47 ಮಿ.ಗ್ರಾಂ. ಮಾಂಸ 2.000 ಗ್ರಾಂ ಆದ್ದರಿಂದ 100 ಗ್ರಾಂಗೆ 123 ಮಿ.ಗ್ರಾಂ. 16:0ಕ್ಕೆ ಈ ಗುಣಕ 0.948, 18:0ಕ್ಕೆ 0.953, 20:4ಕ್ಕೆ 0.956. 10 ಮಿ.ಲೀ. ಪಾಲು ತೆಗೆದದ್ದಕ್ಕೆ ಮತ್ತೆ ಗುಣಿಸಬೇಡಿ, ಸ್ಟ್ಯಾಂಡರ್ಡ್ ಕೂಡ ಅದೇ ಪಾಲಿನಲ್ಲಿ ಹಂಚಿಹೋಗಿದೆ.

ಎಲ್ಲ ಆಮ್ಲಗಳನ್ನು ಕೂಡಿ, ತೂಗಿದ ಒಟ್ಟು ಕೊಬ್ಬಿನಿಂದ ಭಾಗಿಸಿ ನೋಡಿ. ತೆಳು ಕುರಿಮಾಂಸದಲ್ಲಿ 0.9ರ ಹತ್ತಿರ ಬರಬೇಕು, ಫಾಸ್ಫೋಲಿಪಿಡ್ ಪಾಲು ಹೆಚ್ಚಿದಷ್ಟೂ ಕೆಳಗಿಳಿಯುತ್ತದೆ. 0.6 ಬಂದರೆ ಕೊಬ್ಬು ಸರಿಯಾಗಿ ಒಣಗದೆ ತೂಗಿದ್ದೀರಿ, ಅಥವಾ ಸ್ಟ್ಯಾಂಡರ್ಡ್ ದ್ರಾವಣದ ಕ್ಲೋರೋಫಾರ್ಮ್ ಆವಿಯಾಗಿ ಅದು ಗಟ್ಟಿಯಾಗಿದೆ. 1 ದಾಟಿದರೆ ಸ್ಟ್ಯಾಂಡರ್ಡ್ ಕಡಿಮೆ ಬಿದ್ದಿದೆ.

ವರದಿಯಲ್ಲಿ ಪ್ರತಿಶತವನ್ನಷ್ಟೇ ಕೊಟ್ಟು ಕೈತೊಳೆದುಕೊಳ್ಳಬೇಡಿ. ಸ್ನಾಯುವಿನ ಫಾಸ್ಫೋಲಿಪಿಡ್ ಹೆಚ್ಚು ಏರಿಳಿಯುವುದಿಲ್ಲ, ಏರಿಳಿಯುವುದು ಟ್ರೈಗ್ಲಿಸರೈಡ್. ಕುರಿ ಕೊಬ್ಬಿದಂತೆ 20:4, 22:5ರ ಪ್ರತಿಶತ ಇಳಿಯುತ್ತದೆ, 100 ಗ್ರಾಂ ಮಾಂಸದಲ್ಲಿ ಅವುಗಳ ಮಿಲಿಗ್ರಾಂ ಹಾಗೇ ಇದ್ದರೂ. ಬರೀ ಪ್ರತಿಶತ ನೋಡಿದವರು ಮೇವಿನಿಂದ ಒಮೆಗಾ-3 ಕುಸಿಯಿತು ಎಂದು ಬರೆದುಬಿಡುತ್ತಾರೆ. 100 ಗ್ರಾಂಗೆ ಮಿಲಿಗ್ರಾಂ, ಪ್ರತಿಶತ, ಒಟ್ಟು ಕೊಬ್ಬು, ಮೂರನ್ನೂ ಒಂದೇ ಕೋಷ್ಟಕದಲ್ಲಿ ಹಾಕಿ, ಗುರುತು ಸಿಗದ ಪೀಕುಗಳ ಒಟ್ಟು ಮೊತ್ತಕ್ಕೂ ಒಂದು ಸಾಲು ಬಿಡಿ.